ಓಡಲು ಹೋದವಳು ಗಂಜಿ ಕಾಯಿಸಿದ್ದು

ಗೆಳತಿಯರೇ, ಹೋದ ಸಂಚಿಕೆಯಲ್ಲಿ ಹಪ್ಪಳದ ಹಿಟ್ಟಿನ ಹದ ಹೇಳುವಾಗ ಮಾತಿಗೆ ಮಾತು ಬಂದು, “ಈ ಸಲ ಎರಡು ಗಂಟೆ ಚಕ್ಕಳಮಕ್ಕಳ ಹಾಕಿ ಕೂತರೂ ಮಂಡಿ ನೋಯಲಿಲ್ಲ, ಬೆಟ್ಟದಲ್ಲಿ ಓಡಿಬಂದದ್ದರ ಫಲ” ಎಂದು ಬರೆದುಬಿಟ್ಟಿದ್ದೆ. ಹಪ್ಪಳದ ಬಗ್ಗೆ ಒಬ್ಬರೂ ಕೇಳಲಿಲ್ಲ. ಯಾವ ಬೆಟ್ಟ, ಯಾಕೆ ಓಡಿದಿರಿ, ಯಾರಾದರೂ ಅಟ್ಟಿಸಿಕೊಂಡು ಬಂದರೇ ಎಂದು ಕೇಳಿದವರೇ ಎಲ್ಲ. ಆದ್ದರಿಂದ ಈ ಸಲ ಅಡಿಗೆಮನೆಯ ಬಾಗಿಲು ಮುಂದಕ್ಕೆಳೆದು ಸ್ವಲ್ಪ ದೂರ ಹೋಗಿಬರೋಣ. ದೂರವೆಂದರೆ ನಿಜವಾಗಿಯೂ ದೂರವೇ. ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆ, ನೇಪಾಳದ ಗಡಿ, ಸಿಂಗಲೀಲಾ ಎಂಬ ಬೆಟ್ಟಸಾಲು.

ಓಡುವುದಕ್ಕೆಂದೇ ರಜೆ ಹಾಕಿ, ದುಡ್ಡು ಕಟ್ಟಿ, ದಾರಿ ಬಲ್ಲವರನ್ನು ಜೊತೆಯಲ್ಲಿಟ್ಟುಕೊಂಡು ನಾಲ್ಕೈದು ದಿನ ಬೆಟ್ಟಕ್ಕೆ ಹೋಗುವ ಪದ್ಧತಿ ಈಗ ಬಂದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು (ಮನೆಯಲ್ಲಿ ಪುಟ್ಟಿ ಅಂತಲೇ ಕರೆಯುವುದು) ಮೂರು ವರ್ಷದಿಂದ ಓಡುವ ಅಭ್ಯಾಸ ಇಟ್ಟುಕೊಂಡವಳು. 2024ರ ಯುಗಾದಿಗೆ ಊರಿಗೆ ಬಂದಾಗ ಹೋಳಿಗೆ ತಟ್ಟುತ್ತಿದ್ದ ನನ್ನ ಪಕ್ಕ ಕೂತು, “ಅಮ್ಮ, ನವೆಂಬರಿಗೆ ಇಂಥದ್ದೊಂದಕ್ಕೆ ಹೋಗ್ತಿದ್ದೀನಿ. ನೀನೂ ಬಾ. ನಡೆಯೋರಿಗೂ ಅವಕಾಶ ಇದೆ. ಮುಂದಿನ ವರ್ಷ ಮದುವೆ ಅದೂ ಇದೂ ಅಂತ ಆದ್ಮೇಲೆ ನಾವಿಬ್ರೇ ಎಲ್ಲಿಗೆ ಹೋಗಕ್ಕಾಗತ್ತೆ?” ಅಂದಳು.

ನಮ್ಮ ಅತ್ತೆಯವರಿಗೆ ಕಿವಿ ಚುರುಕು. ಜಗುಲಿಯಿಂದಲೇ ಕೇಳಿದರು. “ಓಡೋಕೆ ಯಾಕೇ ದುಡ್ಡು ಕೊಡ್ಬೇಕು? ನಮ್ಮ ಕಾಲದಲ್ಲಿ ಎಮ್ಮೆ ಹಗ್ಗ ಕಿತ್ಕೊಂಡ್ರೆ ಬಿಟ್ಟೀಲೇ ಓಡ್ತಿದ್ವಿ.” ಯಜಮಾನರು ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ, “ಹೋಗೋದಾದ್ರೆ ಡಾಕ್ಟರ ಹತ್ರ ತೋರಿಸ್ಕೊಂಡು ಹೋಗು” ಎಂದರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಸಿಗುವುದಿಲ್ಲ.

ಡಾಕ್ಟರು ಹೇಗೂ ನನಗೆ ಪರಿಚಯವೇ. ಸಕ್ಕರೆ ಅಂಚಿನ ಮೇಲೆ ನಿಂತಿದೆ, ದಿನಾ ನಡೀರಮ್ಮ ಎಂದು ವರ್ಷದ ಹಿಂದೆಯೇ ಅವರು ಹೇಳಿದ್ದರು. ನಾನು ಅರಸೀಕೆರೆಯ ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೆ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಮೂರು ಸುತ್ತು ಹೊಡೆದು ಬರುತ್ತಿದ್ದೆ. ಈಗ ರಕ್ತದೊತ್ತಡ, ಹೃದಯದ ಪಟ್ಟಿ, ರಕ್ತ ಎಲ್ಲ ನೋಡಿ, “ಏಳು ತಿಂಗಳಿದೆ, ನಿಧಾನಕ್ಕೆ ಜಾಸ್ತಿ ಮಾಡ್ಕೊಳ್ಳಿ” ಎಂದರು. ಮಗಳು ಫೋನಿನಲ್ಲಿ ಉಪಾಯ ಹೇಳಿಕೊಟ್ಟಳು. ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಓಡುವುದು, ಅಲ್ಲಿಂದ ಮುಂದಿನ ಕಂಬದವರೆಗೆ ನಡೆಯುವುದು. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಉಸಿರು ಕಟ್ಟಿದರೆ ಜೋರಾಯಿತು ಅಂತ ಅರ್ಥ. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲವಾಗಿ ಬಾಯಿಗೆ ಬಂದ ದೇವರನಾಮ ಹೇಳಿಕೊಳ್ಳುತ್ತಿದ್ದೆ. ಹಾಲಿನವನು ಒಂದು ದಿನ ಸೈಕಲ್ ನಿಲ್ಲಿಸಿ, “ಅಮ್ಮೋರೇ, ಏನಾದ್ರೂ ಹರಕೆನಾ?” ಎಂದು ಕೇಳಿದ. ಹೌದಪ್ಪ ಎಂದೆ. ಅವತ್ತಿನಿಂದ ಬೀದಿಯವರು ನಗುವುದನ್ನು ನಿಲ್ಲಿಸಿದರು.

ಶನಿವಾರ ಶನಿವಾರ ಮಾಲೇಕಲ್ಲು ತಿರುಪತಿ. ಊರಿನ ಪಕ್ಕದಲ್ಲೇ ಇರುವ ಬೆಟ್ಟ, ಸಾವಿರಕ್ಕೂ ಮಿಕ್ಕ ಮೆಟ್ಟಿಲು. ಹತ್ತುವುದು ಉಸಿರಿಗೆ ಕಷ್ಟ, ಇಳಿಯುವುದು ಮಂಡಿಗೆ ಕಷ್ಟ ಎನ್ನುವುದನ್ನು ಅಲ್ಲೇ ಕಲಿತೆ. ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಹದಿನೈದು ಸಲ. ಅನ್ನ ಆಗುವುದರೊಳಗೆ ಮುಗಿಯುತ್ತದೆ. ಮಂಡಿನೋವು ಎನ್ನುವ ಗೆಳತಿಯರು ಬೆಟ್ಟಕ್ಕೆ ಹೋಗದಿದ್ದರೂ ಇದೊಂದನ್ನು ಡಾಕ್ಟರನ್ನು ಕೇಳಿಕೊಂಡು ಮಾಡಿನೋಡಿ.

ಇನ್ನೊಂದು ಮಾತು. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಎರಡು ಮೂರು ಹೆತ್ತವರಿಗೆ ಓಡುವಾಗ, ಸೀನುವಾಗ, ಭಾರ ಎತ್ತುವಾಗ ಮೂತ್ರ ಜಿನುಗುವುದುಂಟು. ನನಗೂ ಇತ್ತು. ಅದಕ್ಕೆ ಹೆದರಿಯೇ ನಾನು ಹತ್ತು ವರ್ಷ ಮಕ್ಕಳ ಜೊತೆ ಕುಂಟೆಬಿಲ್ಲೆ ಸಹ ಆಡಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಡಾಕ್ಟರಮ್ಮನೊಬ್ಬರನ್ನು ಧೈರ್ಯ ಮಾಡಿ ಕೇಳಿದಾಗ ಇದು ಬಹಳ ಜನಕ್ಕೆ ಇರುವಂಥದ್ದು, ನಾಚಿಕೆ ಬೇಡ ಎಂದು ಒಂದು ಅಭ್ಯಾಸ ಹೇಳಿಕೊಟ್ಟರು. ಮೂತ್ರ ತಡೆಹಿಡಿಯುವಾಗ ಯಾವ ಸ್ನಾಯು ಬಿಗಿಯುತ್ತದೋ ಅದನ್ನು ಐದೆಣಿಸುವವರೆಗೆ ಬಿಗಿಹಿಡಿದು ಸಡಿಲ ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತರಕಾರಿ ಹೆಚ್ಚುತ್ತಾ ಮಾಡಬಹುದು, ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ಮೂರು ತಿಂಗಳಿಗೆ ನನಗೆ ಮುಕ್ಕಾಲು ಪಾಲು ಗುಣವಾಯಿತು. ಆಗದವರು ವೈದ್ಯರಿಗೆ ತೋರಿಸಬೇಕು. ಮುಚ್ಚಿಟ್ಟುಕೊಳ್ಳಬೇಡಿ.

ತಿಂಡಿಯ ವಿಷಯಕ್ಕೆ ಬರೋಣ. ನಮ್ಮದು ಕೊಬ್ಬರಿ ಸೀಮೆ, ಬರಿಗೈಲಿ ಹೊರಡುವುದುಂಟೇ? ಎರಡು ಪಾವು ರಾಗಿ ಹುರಿಹಿಟ್ಟು (ರಾಗಿ ನೆನೆಸಿ, ಆರಹಾಕಿ, ಅರಳು ಹುರಿದು ಬೀಸಿದ್ದು), ಒಂದು ಪಾವು ಪುಡಿ ಬೆಲ್ಲ, ಅರ್ಧ ಪಾವು ಹುರಿಗಡಲೆ ಪುಡಿ, ಒಂದು ಬಟ್ಟಲು ಕೊಬ್ಬರಿ ತುರಿ, ಎರಡು ಚಮಚ ಹುರಿದ ಎಳ್ಳು, ಏಲಕ್ಕಿ. ಇಷ್ಟನ್ನೂ ಬೆರೆಸಿ ಉಂಡೆ ಕಟ್ಟಲು ಬೇಕಾದಷ್ಟು ಬಿಸಿ ತುಪ್ಪ. ಪ್ರಯಾಣಕ್ಕೆ ಹಾಲು, ನೀರು ಸೋಕಿಸಬಾರದು. ಹದಿನೈದು ದಿನ ಕೆಡುವುದಿಲ್ಲ. ಆದರೆ ನಾನು ಒಂದನ್ನು ಮರೆತಿದ್ದೆ. ಆ ಚಳಿಯಲ್ಲಿ ತುಪ್ಪ ಹೆಪ್ಪುಗಟ್ಟಿ ಉಂಡೆಗಳೆಲ್ಲ ಕೋಲಾಟದ ಕೋಲಿನಷ್ಟು ಗಟ್ಟಿಯಾದವು. ಜೊತೆಯಲ್ಲಿದ್ದ ಒಬ್ಬರು ಹಲ್ಲು ಹಿಡಿದುಕೊಂಡು ಕೂತರು. ಆಮೇಲೆ ಎಲ್ಲರೂ ಉಂಡೆಯನ್ನು ಅಂಗಿಯ ಒಳಜೇಬಿನಲ್ಲಿಟ್ಟು ಮೈಕಾವಿಗೆ ಮೆತ್ತಗಾದ ಮೇಲೆ ತಿನ್ನುವ ರೂಢಿ ಮಾಡಿಕೊಂಡೆವು. ಚಳಿ ಪ್ರದೇಶಕ್ಕೆ ಹೋಗುವವರು ಹುಡಿಯಾಗಿಯೇ ಒಯ್ಯಿರಿ, ಬಿಸಿನೀರಲ್ಲಿ ಕಲಸಿದರಾಯಿತು.

ಬಾಗ್‌ಡೋಗ್ರಾವರೆಗೆ ವಿಮಾನ, ಅಲ್ಲಿಂದ ಜೀಪಿನಲ್ಲಿ ಚಹದ ತೋಟಗಳ ನಡುವೆ ಸುತ್ತಿ ಸುತ್ತಿ ಮಾನೇಭಂಜನ್ ಎಂಬ ಪುಟ್ಟ ಊರು. ಓಟ ಶುರುವಾಗುವುದು ಇಲ್ಲಿಂದಲೇ. ಒಂದು ರಸ್ತೆಯ ಆಚೆ ನೇಪಾಳ, ಈಚೆ ನಾವು. ಬೇಲಿಯಿಲ್ಲ. ಮುಂದೆ ದಾರಿಯುದ್ದಕ್ಕೂ ಹೀಗೆಯೇ, ಚಹಾ ಕುಡಿದದ್ದು ಯಾವ ದೇಶದಲ್ಲಿ ಎಂದು ಕೇಳಿದರೆ ಹೇಳುವುದು ಕಷ್ಟ. ಗುರುತಿನ ಚೀಟಿ ಮಾತ್ರ ಗಡಿಪಡೆಯವರಿಗೆ ತೋರಿಸುತ್ತಿರಬೇಕು. ಈ ಕಾಡು 1986ರಲ್ಲಿ ಅಭಯಾರಣ್ಯವಾಗಿ 1992ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕೆಂಪು ಪಾಂಡಾ ಎಂಬ ಬೆಕ್ಕಿನಷ್ಟು ದೊಡ್ಡ ಮುದ್ದಾದ ಪ್ರಾಣಿ ಇಲ್ಲಿದೆ. ನಮಗೆ ಕಾಣಿಸಲಿಲ್ಲ. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಒಳಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಇದೇ ಬೆಟ್ಟದ ಮೇಲೆ ಐದು ದಿನಕ್ಕೆ ನೂರು ಮೈಲಿ ಓಡುವ ಪಂದ್ಯವೊಂದು 1991ರಲ್ಲಿಯೇ ಶುರುವಾಗಿತ್ತಂತೆ. ನಮ್ಮದು ಪಂದ್ಯವಲ್ಲ ಎಂದು ಮಗಳು ನೂರು ಸಲ ಹೇಳಿದ್ದರಿಂದ ನಾನು ಬಂದದ್ದು.

ನಾವು ಎಂಟು ಜನ. ಮುಂದೆ ಮಾರ್ಗದರ್ಶಿ, ನಲವತ್ತರ ಆಸುಪಾಸಿನ ನೇಪಾಳಿ ಮಾತಿನವನು. ಎಲ್ಲರೂ ಅವನನ್ನು ದಾಜು ಅಂತ ಕರೆಯುತ್ತಿದ್ದರು, ಅಣ್ಣ ಅಂತ ಅರ್ಥ. ಅವನು ನನ್ನನ್ನು ಆಮಾ ಅಂದ. ನೇಪಾಳಿಯಲ್ಲಿ ತಾಯಿಗೆ ಹಾಗೆನ್ನುತ್ತಾರೆ. ನನಗೆ ಮೊದಲ ಸಲ ಕೇಳಿದಾಗ ನಮ್ಮೂರಿನ ಯಾರೋ ಕರೆದ ಹಾಗಾಗಿ ತಿರುಗಿ ನೋಡಿದೆ. ಕೊನೆಯಲ್ಲಿ ಅವನ ಸಹಾಯಕ ಹುಡುಗ, ಹಿಂದೆ ಬಿದ್ದವರನ್ನು ಕರೆತರಲು. ಅಂದರೆ ನನ್ನನ್ನು. ಸಾಮಾನೆಲ್ಲ ಜೀಪಿನಲ್ಲಿ ಮುಂದಿನ ಊರಿಗೆ ಹೋಗಿಬಿಡುತ್ತದೆ. ಬೆನ್ನ ಮೇಲೆ ನೀರು, ಉಂಡೆ, ಮಳೆಯಂಗಿ, ಸ್ವೆಟರು ಇಷ್ಟೇ.

ಓಟ ಅಂದರೆ ಎಲ್ಲ ಕಡೆಯೂ ಓಡುವುದಿಲ್ಲ. ಏರು ಬಂದರೆ ಘಟಾನುಘಟಿಗಳೂ ಕೈಯನ್ನು ತೊಡೆಯ ಮೇಲೆ ಊರಿಕೊಂಡು ನಡೆಯುತ್ತಾರೆ. ಸಮ ನೆಲದಲ್ಲಿ ಕುಲುಕು ಓಟ, ಇಳಿಜಾರಿನಲ್ಲಿ ನಿಜವಾದ ಓಟ. ಇಳಿಯುವಾಗ ನಾನು ಮಾಲೇಕಲ್ಲಿನಲ್ಲಿ ಮಾಡುತ್ತಿದ್ದ ಹಾಗೆ ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ತಡೆದು ತಡೆದು ಇಳಿಯುತ್ತಿದ್ದೆ. ದಾಜು ನಿಲ್ಲಿಸಿ ತೋರಿಸಿದ. ಚಿಕ್ಕ ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಮಡಿಸಿ, ತೋಳು ಅಗಲಿಸಿ, ಕಣ್ಣು ಕಾಲಬುಡದಲ್ಲಲ್ಲ, ನಾಲ್ಕಾರು ಹೆಜ್ಜೆ ಮುಂದೆ. ಕೊಡ ಹೊತ್ತು ಕೆರೆಯ ಏರಿ ಇಳಿಯುವವರು ಹೀಗೆಯೇ ಅಲ್ಲವೇ ಇಳಿಯುವುದು? ಗೊತ್ತಿದ್ದದ್ದೇ, ಮರೆತಿದ್ದೆ.

ಮೊದಲ ದಿನ ಚಿತ್ರೆ, ಮೇಘಮಾ ದಾಟಿ ತುಮ್ಲಿಂಗ್. ಸುಮಾರು 2970 ಮೀಟರ್ ಎತ್ತರ. ಮಂಜು ಕವಿದು ಎದುರಿಗಿದ್ದ ದನವೂ ಕಾಣದು. ರಾತ್ರಿ ವಸತಿಮನೆಯ ಅಡಿಗೆಮನೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತಾಗ ನೋಡುತ್ತೇನೆ, ಅಷ್ಟು ದೊಡ್ಡ ಒಲೆ ಇದ್ದರೂ ಅನ್ನ, ಬೇಳೆ ಎರಡೂ ಕುಕ್ಕರಿನಲ್ಲೇ. ಯಾಕೆಂದು ಕೇಳಿದೆ. ಪಾತ್ರೆಯಲ್ಲಿಟ್ಟರೆ ಬೇಳೆ ಬೇಯುವುದೇ ಇಲ್ಲ ಎಂದಳು ಆಕೆ. ಮಗಳು ವಿವರಿಸಿದಳು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 90 ಡಿಗ್ರಿಗೇ ಕುದಿಯುತ್ತದೆ, ಅಷ್ಟು ಕಾವಿನಲ್ಲಿ ಬೇಳೆ ಬೇಯಲು ಎಷ್ಟೋ ಹೊತ್ತು ಬೇಕು. ಕುಕ್ಕರು ಒತ್ತಡ ಹೆಚ್ಚಿಸುತ್ತದೆ, ಬೆಟ್ಟ ತಗ್ಗಿಸುತ್ತದೆ. ಕುಕ್ಕರಿನ ಈ ಲೆಕ್ಕ ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಹಾಗಾದರೆ ನಮ್ಮ ಉಸಿರಿನ ಗತಿಯೇನು ಅಂದೆ. ಅದೂ ಹಾಗೆಯೇ ಅಮ್ಮ, ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ ಗಾಳಿಯೇ ತೆಳು, ಸಮುದ್ರಮಟ್ಟದಲ್ಲಿ ಹತ್ತು ಪಾಲು ಸಿಗುವ ಕಡೆ ಇಲ್ಲಿ ಏಳು ಪಾಲು ಸಿಗುತ್ತದೆ, ಮೈ ಅದಕ್ಕೆ ಒಗ್ಗಲು ಸಮಯ ಕೊಡಬೇಕು ಎಂದಳು. ಇಷ್ಟೆಲ್ಲ ತಿಳಿದವಳು ಅವಳು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಎರಡನೆಯ ದಿನ ಗೈರೀಬಾಸ್‌ಗೆ ಇಳಿದು ಮತ್ತೆ ಕಾಲೀಪೋಖ್ರಿಗೆ ಏರುವುದು. ಪೋಖ್ರಿ ಅಂದರೆ ಕೊಳ, ನೀರು ಕಪ್ಪಗೆ ಕಾಣುವುದಕ್ಕೆ ಆ ಹೆಸರು. ಬೆಳಿಗ್ಗೆಯಿಂದ ದಾಜು “ಬಿಸ್ತಾರೈ, ಬಿಸ್ತಾರೈ” ಅನ್ನುತ್ತಲೇ ಇದ್ದ, ನಿಧಾನ ಅಂತ. ಮಗಳ ಜೊತೆ ಇಬ್ಬರು ಹುಡುಗರಿದ್ದರು. ಮೂವರೂ ಅವನನ್ನು ಹಿಂದೆ ಹಾಕಿ ಏರಿನಲ್ಲೂ ಓಡಿದರು. ನಾನು ಸಹಾಯಕ ಹುಡುಗನ ಜೊತೆ ಚಹಾ ಅಂಗಡಿ ಸಿಕ್ಕಲ್ಲೆಲ್ಲ ಕೂರುತ್ತಾ ಮಧ್ಯಾಹ್ನ ಮೂರಕ್ಕೆ ತಲುಪಿದಾಗ ಅವಳು ಬಂದು ಎರಡು ಗಂಟೆಯಾಗಿತ್ತು. ಕೊಳದ ಪಕ್ಕದಲ್ಲಿ ಕೈ ಬೀಸಿ ನಕ್ಕಳು. ನಗು ಸರಿಯಾಗಿರಲಿಲ್ಲ.

ರಾತ್ರಿ ಊಟಕ್ಕೆ ದಾಲ್ ಭಾತ್, ಸೀಮೆಬದನೆಕಾಯಿ ಪಲ್ಯ. ಆ ಬೆಟ್ಟದಲ್ಲಿ ಅದಕ್ಕೆ ಇಸ್ಕುಸ್ ಅನ್ನುತ್ತಾರೆ. ಪುಟ್ಟಿಗೆ ಸೀಮೆಬದನೆ ಅಂದರೆ ಪ್ರಾಣ. ತಟ್ಟೆಯಲ್ಲಿ ಕಲಸಿ ಕಲಸಿ ಇಟ್ಟಳೇ ಹೊರತು ಬಾಯಿಗಿಡಲಿಲ್ಲ. “ಹಸಿವಿಲ್ಲ ಅಮ್ಮ, ದಾರೀಲಿ ಬಿಸ್ಕತ್ತು ತಿಂದೆ.” ಇಪ್ಪತ್ತೈದು ವರ್ಷ ಅವಳ ತಟ್ಟೆ ನೋಡಿದವಳು ನಾನು. ಹಸಿವಿಲ್ಲದ್ದು ಯಾವುದು, ಸೇರದ್ದು ಯಾವುದು ಎಂದು ತಿಳಿಯದೇ? ಮಲಗುವಾಗ ಕೇಳಿದೆ. ತಲೆ ಸಿಡಿಯುತ್ತಿದೆ ಎಂದಳು. ಮಧ್ಯಾಹ್ನದಿಂದಲೇ. ಎರಡು ನೋವಿನ ಮಾತ್ರೆ ಆಗಲೇ ನುಂಗಿದ್ದಳು. ಹನ್ನೊಂದೂವರೆಗೆ ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡಳು. ಗಾಳಿಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಲಿಲ್ಲ. ನಾನು ಬೆನ್ನು ನೀವುತ್ತಾ ನಿಂತಿದ್ದೆ. ಅವಳು ನನ್ನ ಕೈ ಹಿಡಿದು, “ಅಮ್ಮ, ಯಾರಿಗೂ ಹೇಳ್ಬೇಡ. ನಾಳೆ ಆರೇ ಕಿಲೋಮೀಟರು, ಸಂದಕ್‌ಫೂ. ಬೆಳಿಗ್ಗೆ ಹೊತ್ತಿಗೆ ಸರಿಹೋಗತ್ತೆ. ದಾಜೂಗೆ ಗೊತ್ತಾದ್ರೆ ಬಿಡಲ್ಲ. ನನ್ನಾಣೆ” ಎಂದಳು.

ಸಂದಕ್‌ಫೂ ಅಂದರೆ ಆ ರಾಜ್ಯದಲ್ಲೇ ಎತ್ತರದ ಜಾಗ, 3636 ಮೀಟರು. ಅಲ್ಲಿಂದ ಕಾಂಚನಜುಂಗಾ ಒಂದು ಕಡೆ, ಎವರೆಸ್ಟು ಇನ್ನೊಂದು ಕಡೆ, ಎರಡೂ ಕಾಣುತ್ತವೆ. ಅದನ್ನು ನೋಡಲೆಂದೇ ನಾವು ಹೊರಟದ್ದು. ನಾನೂ.

ರಾತ್ರಿಯೆಲ್ಲ ನಿದ್ದೆಯಿಲ್ಲ. ಮಗಳು ಆಣೆ ಇಟ್ಟಿದ್ದಾಳೆ. ಕೂಡಿಟ್ಟ ರಜೆ, ಅವಳ ದುಡಿಮೆಯ ದುಡ್ಡು. ಬರೀ ತಲೆನೋವಾಗಿದ್ದರೆ? ಊರಿನಲ್ಲಾಗಿದ್ದರೆ ಶುಂಠಿ ಅರೆದು ಹಚ್ಚಿ ಮಲಗಿಸುತ್ತಿದ್ದೆ. ಆದರೆ ಮೊದಲ ದಿನ ದಾಜು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದು ಕಿವಿಯಲ್ಲಿತ್ತು. ಎತ್ತರದಲ್ಲಿ ತಲೆನೋವಿನ ಜೊತೆಗೆ ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು, ಸುಸ್ತು ಇವುಗಳಲ್ಲಿ ಒಂದಿದ್ದರೂ ಅದು ಬೆಟ್ಟದ ಕಾಯಿಲೆ ಎಂದೇ ತಿಳಿಯಬೇಕು. ಅದನ್ನು ಇಟ್ಟುಕೊಂಡು ಒಂದು ಹೆಜ್ಜೆಯೂ ಮೇಲಕ್ಕೆ ಹೋಗಬಾರದು. ಹೆಚ್ಚಾದರೆ ಇಳಿಯಬೇಕು, ಹೊತ್ತು ನೋಡಬಾರದು. ಕಾಲು ತಡವರಿಸಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಪ್ರಾಣಕ್ಕೇ ಅಪಾಯ, ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬುತ್ತಿದೆ ಎಂದು ಅರ್ಥ. ವಯಸ್ಸಾದವರಿಗೇ ಬರುತ್ತದೆ ಅಂದುಕೊಳ್ಳಬೇಡಿ, ಗಟ್ಟಿಮುಟ್ಟಾದ ಹುಡುಗರು ಬೇಗ ಬೇಗ ಹತ್ತುತ್ತಾರೆ, ಅವರಿಗೇ ಬರುವುದು ಹೆಚ್ಚು ಎಂದಿದ್ದ. ಆಗ ಪುಟ್ಟಿಯೂ ತಲೆಯಾಡಿಸುತ್ತಾ ಕೂತಿದ್ದಳು.

ಐದು ಗಂಟೆಗೆ ಅಡಿಗೆಮನೆಗೆ ಹೋದೆ. ದಾಜು ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದ. ನನ್ನ ಹರಕುಮುರುಕು ಹಿಂದಿಯಲ್ಲಿ ಎಲ್ಲ ಹೇಳಿಬಿಟ್ಟೆ.

ಅವನು ಲೋಟ ಕೆಳಗಿಟ್ಟು ಎದ್ದು ಬಂದ. ಕೋವಿಡ್ ಕಾಲದಲ್ಲಿ ನಾವೆಲ್ಲ ನೋಡಿದ್ದೆವಲ್ಲ, ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ, ಅದನ್ನು ಹಾಕಿ ನೋಡಿದ. ನೆಲದ ಮೇಲೆ ಹಲಗೆಯ ಗೆರೆಯುದ್ದಕ್ಕೂ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸಿದ. ನೆಟ್ಟಗೇ ನಡೆದಳು. ನನ್ನ ಎದೆ ಸ್ವಲ್ಪ ಹಗುರಾಯಿತು. “ಈಗ ಇಳಿದರೆ ಸಂಜೆಗೆ ಸರಿಯಾಗ್ತಾಳೆ. ಮೇಲೆ ಹೋದರೆ ನಾನು ಏನೂ ಹೇಳಲಾರೆ. ತಲೆನೋವಿಟ್ಟುಕೊಂಡ ನನ್ನ ಹೆಂಡತಿಯನ್ನೂ ನಾನು ಮೇಲೆ ಕರ್ಕೊಂಡು ಹೋಗಲ್ಲ” ಎಂದ. ಅಷ್ಟು ಹೇಳಿ ನನ್ನ ಕಡೆ ತಿರುಗಿ, “ಆಮಾ, ನೀವು ಚೆನ್ನಾಗಿದ್ದೀರಿ. ನೀವು ಬನ್ನಿ. ನನ್ನ ಹುಡುಗ ಅವಳನ್ನು ಕೆಳಗೆ ಕರ್ಕೊಂಡು ಹೋಗ್ತಾನೆ, ನಂಬಿಕಸ್ಥ” ಎಂದ.

ಗೆಳತಿಯರೇ, ಒಂದು ಗಳಿಗೆ ಆಸೆಯಾಯಿತು. ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಏಳು ತಿಂಗಳು ಕತ್ತಲಲ್ಲಿ ಎದ್ದಿದ್ದೆ. ಆರು ಕಿಲೋಮೀಟರು. ಮನಸ್ಸಿನ ಯಾವುದೋ ಮೂಲೆಯಲ್ಲಿ, ಇವಳು ನಿಧಾನಕ್ಕೆ ಬಂದಿದ್ದರೆ ಇಬ್ಬರಿಗೂ ಸಿಗುತ್ತಿತ್ತಲ್ಲ ಎಂದು ಸಿಟ್ಟೂ ಬಂತು. ಆಮೇಲೆ ನನ್ನ ಚೀಲ ತೆಗೆದುಕೊಂಡು ಅವಳ ಪಕ್ಕ ಹೋಗಿ ನಿಂತೆ.

ಪುಟ್ಟಿ ನನ್ನ ಮುಖ ನೋಡಲಿಲ್ಲ. ಉಳಿದವರು ಹೊರಟುಹೋದರು. ಮೇಲಿನಿಂದ ಪ್ರವಾಸಿಗಳನ್ನು ಕರೆತರುತ್ತಿದ್ದ ಒಂದು ಗಾಡಿಯಲ್ಲಿ ನಮಗೆ ಜಾಗ ಸಿಕ್ಕಿತು. ಆ ದಾರಿಯಲ್ಲಿ ಹಿಂದೆ 1950ರ ದಶಕದ ಲ್ಯಾಂಡ್ ರೋವರುಗಳೇ ಓಡುತ್ತಿದ್ದವಂತೆ. ನಮ್ಮದು ಈಚಿನ ಗಾಡಿಯಾದರೂ ಕುಲುಕಾಟಕ್ಕೇನೂ ಕಡಿಮೆಯಿರಲಿಲ್ಲ. ಅರ್ಧ ದಾರಿಯವರೆಗೆ ಅವಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಒಂದೇ ಮಾತು, “ನಿನಗೆ ಹೇಳ್ಬಾರದಿತ್ತು.” ಆಮೇಲೆ ಒಂದು ತಿರುವಿನಲ್ಲಿ ತಾನಾಗಿಯೇ ನನ್ನ ತೊಡೆಯ ಮೇಲೆ ತಲೆಯಿಟ್ಟಳು.

ಗೈರೀಬಾಸ್ 2600 ಮೀಟರಿನ ಸುಮಾರು, ಕಾಡಿನ ತಗ್ಗು. ಸಹಾಯಕ ಹುಡುಗ ಒಂದು ವಸತಿಮನೆಗೆ ಕರೆದೊಯ್ದ. ಮನೆಯಾಕೆಗೆ ನನ್ನಷ್ಟೇ ವಯಸ್ಸು. ಆಕೆಗೆ ನನ್ನ ಭಾಷೆ ಬಾರದು, ನನಗೆ ಆಕೆಯದು ಬಾರದು. ಒಲೆ ತೋರಿಸಿ, ಹೊಟ್ಟೆ ಮುಟ್ಟಿ ತೋರಿಸಿದೆ. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಕುಕ್ಕರಿನಲ್ಲಿ ಒಂದು ಹಿಡಿ ಅಕ್ಕಿ, ಆರರಷ್ಟು ನೀರು, ಉಪ್ಪು, ಜೀರಿಗೆ. ಮೆತ್ತಗೆ ಗಂಜಿ. ಅದಾಗುವವರೆಗೆ ನೀರು ಹೊಟ್ಟೆಯಲ್ಲಿ ನಿಲ್ಲಲೆಂದು ಸಕ್ಕರೆ ಉಪ್ಪಿನ ಪಾನಕ. ಮಕ್ಕಳಿರುವ ಮನೆಯವರೆಲ್ಲ ಈ ಅಳತೆ ಗೋಡೆಗೆ ಬರೆದಿಟ್ಟುಕೊಳ್ಳಿ. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸವರಿದ ಅಳತೆ. ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕೊಡಬೇಕು.

ಗಂಜಿ ನಾಲ್ಕು ಚಮಚ ಕುಡಿದು ಮಲಗಿದಳು. ನಾನು ಗಳಿಗೆಗೊಮ್ಮೆ ಹೋಗಿ ಉಸಿರು ನೋಡಿಬರುತ್ತಿದ್ದೆ, ಹಸುಗೂಸನ್ನು ನೋಡುವ ಹಾಗೆ. ಮನೆಯಾಕೆ ನನ್ನ ಅವಸ್ಥೆ ನೋಡಿ ಕೈಗೆ ಕೆಲಸ ಕೊಟ್ಟಳು. ಅಂಗಳದಲ್ಲಿ ಸೊಪ್ಪು ಒಣಹಾಕಿದ್ದಳು. ಗುಂದ್ರುಕ್ ಅಂತ ಅದರ ಹೆಸರು. ಸಾಸಿವೆ, ಮೂಲಂಗಿ ಸೊಪ್ಪನ್ನು ಬಾಡಿಸಿ, ಕತ್ತರಿಸಿ, ಭರಣಿಯಲ್ಲಿ ಒತ್ತೊತ್ತಿ ತುಂಬಿ ಹುಳಿ ಬರಿಸಿ, ಆಮೇಲೆ ಬಿಸಿಲಿಗೆ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಚಳಿಗಾಲದಲ್ಲಿ ಸಾರಿಗೆ. ಇಬ್ಬರೂ ಕೂತು ಸೊಪ್ಪು ತಿರುವಿಹಾಕಿದೆವು. ನಾವು ಸಂಡಿಗೆ ತಿರುವುತ್ತೇವಲ್ಲ, ಹಾಗೆ. ಆಕೆ ಒಂದು ಎಸಳು ಬಾಯಿಗೆ ಕೊಟ್ಟಳು. ಹುಣಿಸೆಯ ಹುಳಿಯೂ ಅಲ್ಲ, ಮಜ್ಜಿಗೆಯ ಹುಳಿಯೂ ಅಲ್ಲ. ಚೆನ್ನಾಗಿತ್ತು.

ನಾಲ್ಕು ಗಂಟೆಗೆ ಒಳಗಿನಿಂದ ಕೂಗು. “ಅಮ್ಮ, ಚಟ್ನಿಪುಡಿ ತಂದಿದ್ದೀಯಾ?”

ನನ್ನ ಕಣ್ಣಲ್ಲಿ ನೀರು ಬಂತು. ಮನೆಯಾಕೆಗೂ ಅರ್ಥವಾಯಿತು, ಆಕೆಯೇ ಗಂಜಿ ಬಿಸಿ ಮಾಡಿ ತಂದಳು.

ರಾತ್ರಿ ಕತ್ತಲಲ್ಲಿ ಅವಳೇ ಮಾತು ತೆಗೆದಳು. “ನೀನು ಹೋಗಬಹುದಿತ್ತು.” ಹೋಗಬಹುದಿತ್ತು ಎಂದೆ. “ಬೇಜಾರಾಯ್ತಾ?” ಆಯ್ತು ಎಂದೆ. ಸ್ವಲ್ಪ ಹೊತ್ತಿನ ಮೇಲೆ, “ನಂಗೂ” ಎಂದಳು. ಆಮೇಲೆ ಇಬ್ಬರಿಗೂ ಒಳ್ಳೆ ನಿದ್ದೆ ಬಂತು.

ಮರುದಿನ ಅವಳಿಗೆ ತಲೆನೋವು ಪೂರಾ ಹೋಗಿತ್ತು. ಆದರೆ ನಮ್ಮವರು ಒಂದು ದಿನ ಮುಂದೆ, ಹಿಡಿಯುವಂತಿರಲಿಲ್ಲ. ಮೊದಲ ರಾತ್ರಿ ಆರಾಮಾಗಿ ಮಲಗಿದ್ದ ತುಮ್ಲಿಂಗಿನವರೆಗೆ ನಿಧಾನವಾಗಿ ವಾಪಸು ಹೋಗಬಹುದು ಎಂದು ದಾಜು ಹೇಳಿಕಳಿಸಿದ. ಜೌಬಾರಿ ಎಂಬ ನೇಪಾಳದ ಹಳ್ಳಿಯ ಮೇಲೆ ಹಾಯ್ದು ನಡೆದೆವು. ಈ ಸಲ ನಾನು ಮುಂದೆ, ಅವಳು ಹಿಂದೆ. ಚಹಾ ಅಂಗಡಿ ಸಿಕ್ಕಲ್ಲೆಲ್ಲ ಕೂತೆವು.

ಮಾರನೆಯ ಬೆಳಿಗ್ಗೆ ಐದೂವರೆಗೆ ಮನೆಯವರು ಬಾಗಿಲು ಬಡಿದರು. ಶಾಲು ಹೊದ್ದು ಹೊರಗೆ ಬಂದರೆ, ಮಂಜೆಲ್ಲ ಹೋಗಿ ಆಕಾಶ ತೊಳೆದಿಟ್ಟಂತೆ ಇತ್ತು. ಉತ್ತರಕ್ಕೆ ಕಾಂಚನಜುಂಗಾ. ಮೊದಲು ಬೂದಿ ಬಣ್ಣ, ಆಮೇಲೆ ತುದಿಗೆ ಮಾತ್ರ ಕುಂಕುಮ ಇಟ್ಟ ಹಾಗೆ, ನೋಡುತ್ತಿದ್ದಂತೆ ಅರಿಸಿನ. ಆ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆಂದು ಹೇಳುತ್ತಾರೆ. ತಲೆಯ ಜಾಗದಲ್ಲಿರುವ ಶಿಖರದ ಹೆಸರು ಕುಂಭಕರ್ಣ. ಯಾರಿಟ್ಟರೋ, ನಿದ್ದೆಯ ವಿಷಯದಲ್ಲಿ ಸರಿಯಾಗಿ ಇಟ್ಟಿದ್ದಾರೆ. ಸಹಾಯಕ ಹುಡುಗ ಒಂದು ಸಂಗತಿ ಹೇಳಿದ. ಕಾಂಚನಜುಂಗಾ 8586 ಮೀಟರು, ಲೋಕದಲ್ಲಿ ಮೂರನೆಯದು. 1955ರ ಮೇ 25ರಂದು ಜಾರ್ಜ್ ಬ್ಯಾಂಡ್, ಜೋ ಬ್ರೌನ್ ಎಂಬ ಇಬ್ಬರು ಮೊದಲ ಸಲ ಹತ್ತಿದರು. ಆದರೆ ಅದು ಸಿಕ್ಕಿಂ ಜನರಿಗೆ ದೇವರ ಬೆಟ್ಟ, ತುದಿ ಮೆಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದರಿಂದ ಕೆಲವೇ ಅಡಿ ಕೆಳಗೆ ನಿಂತು ವಾಪಸು ಬಂದರಂತೆ. ಪುಟ್ಟಿ ಅದನ್ನು ಕೇಳಿ ನನ್ನ ಕಡೆ ನೋಡಿ ನಕ್ಕಳು. ಅವರು ಮಾತು ಉಳಿಸಿಕೊಂಡು ನಿಂತವರು, ನಾವು ವಾಂತಿ ಮಾಡಿಕೊಂಡು ನಿಂತವರು, ಎರಡಕ್ಕೂ ಹೋಲಿಕೆಯಿಲ್ಲ ಎಂದೆ.

ಅಂದು ಮಾನೇಭಂಜನ್‌ವರೆಗೆ ಇಳಿಜಾರು. ಮೇಘಮಾ ದಾಟಿದ ಮೇಲೆ ಹುಲ್ಲುದಾರಿ ಸಿಕ್ಕಿತು. ಚಿಕ್ಕ ಹೆಜ್ಜೆ, ತೋಳು ಅಗಲ, ಕಣ್ಣು ಮುಂದೆ. ಯಾವಾಗ ಓಡಲು ಶುರು ಮಾಡಿದೆನೋ ತಿಳಿಯಲಿಲ್ಲ. ಹತ್ತು ವಯಸ್ಸಿನಲ್ಲಿ ಅಜ್ಜಿಯ ಊರಿನ ಕೆರೆ ಏರಿ ಇಳಿದು ಓಡಿದ ಮೇಲೆ ಹಾಗೆ ಓಡಿದ್ದಿಲ್ಲ. ಒಂದು ಕಡೆ ಜಾರಿ ಅಂಗೈ ತರಚಿತು, ಎದ್ದು ಮತ್ತೆ ಓಡಿದೆ. ಹಿಂದಿನಿಂದ ಮಗಳು, “ಬಿಸ್ತಾರೈ ಅಮ್ಮಾ, ಬಿಸ್ತಾರೈ” ಎಂದು ಕೂಗುತ್ತಿದ್ದಳು.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಬೂಟು ಅರ್ಧ ಅಳತೆ ದೊಡ್ಡದಿರಲಿ, ಅಡಿಯಲ್ಲಿ ಹಲ್ಲು ಇರುವಂಥದ್ದು, ಎರಡು ತಿಂಗಳು ಮೊದಲೇ ಹಾಕಿ ರೂಢಿ ಮಾಡಿ. ಕಾಲುಗುರು ಕತ್ತರಿಸದೆ ಇಳಿದರೆ ಕಪ್ಪಾಗಿ ಬಿದ್ದುಹೋಗುತ್ತದೆ. ಹತ್ತಿಯ ಬಟ್ಟೆ ಬೆವರಿಗೆ ನೆನೆದು ಮೈ ತಣ್ಣಗಾಗಿಸುತ್ತದೆ, ಒಳಗೆ ಉಣ್ಣೆಯೋ ಬೇಗ ಒಣಗುವ ಬಟ್ಟೆಯೋ ಇರಲಿ. ಮುಟ್ಟಿನ ದಿನಗಳಿದ್ದರೆ ಬಳಸಿದ್ದನ್ನು ಕಟ್ಟಿಕೊಂಡು ವಾಪಸು ತರಲು ಒಂದು ಡಬ್ಬಿ, ಅಲ್ಲಿ ಕಾಡಿನಲ್ಲಿ ಎಸೆಯುವಂತಿಲ್ಲ. ಮೂರು ಸಾವಿರ ಮೀಟರಿನ ಮೇಲೆ ಮಲಗುವ ಜಾಗ ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರದ ಹಾಗೆ ದಾರಿ ಹಾಕಿದ್ದಾರೋ ಇಲ್ಲವೋ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ. ಬೆಟ್ಟದ ಕಾಯಿಲೆ ಬಾರದಂತೆ ನುಂಗುವ ಮಾತ್ರೆ ಇದೆ, ಆದರೆ ಎಲ್ಲರಿಗೂ ಆಗಿಬರುವುದಿಲ್ಲ, ಅಂಗಡಿಯಲ್ಲಿ ಕೇಳಿ ನುಂಗಬೇಡಿ, ವೈದ್ಯರು ಹೇಳಲಿ. ಏಪ್ರಿಲಿನಲ್ಲಿ ಹೋದರೆ ಬೆಟ್ಟವೆಲ್ಲ ಗುರಾಸ್ ಹೂವಿನಿಂದ ಕೆಂಪಾಗಿರುತ್ತದಂತೆ. ನವೆಂಬರಿನಲ್ಲಿ ಹೂವಿಲ್ಲ, ಆಕಾಶ ಶುಭ್ರ.

ಮನೆಗೆ ಬಂದ ದಿನ ಅತ್ತೆಯವರು ಎಲ್ಲ ಕೇಳಿ, “ಹಾಗಾದ್ರೆ ನೋಡೋಕೆ ಹೋದದ್ದನ್ನ ನೋಡ್ಲೇ ಇಲ್ಲ ಅನ್ನು” ಎಂದರು. ಹೂಂ ಎಂದೆ. “ಮಗು ಹುಷಾರಾಗಿದೆ ತಾನೆ?” ಹೂಂ ಎಂದೆ.

ಪುಟ್ಟಿಯ ಮದುವೆ 2025ರಲ್ಲಿ ಆಯಿತು. ಮೊನ್ನೆ ಫೋನು ಮಾಡಿ, ಹೂ ಬಿಡುವ ಕಾಲಕ್ಕೆ ಮತ್ತೆ ಹೋಗೋಣ, ಈ ಸಲ ಅವರನ್ನೂ ಕರ್ಕೊಂಡು ಬರ್ತೀನಿ, ಆದರೆ ನೀನೇ ಮುಂದೆ ನಡೀಬೇಕು ಅಂದಳು. ನಾನಿನ್ನೂ ಏನೂ ಹೇಳಿರಲಿಲ್ಲ. ಅತ್ತೆಯವರು ಜಗುಲಿಯಿಂದಲೇ, “ರಾಗಿ ನೆನೆಹಾಕ್ಬೇಕೇನೇ?” ಎಂದು ಕೇಳಿದರು.